ಕಾವೇರಿ ಎಲ್ಲದಕ್ಕೂ ಹೂಂ ಅಂದಳು

ಮನೆಯಲ್ಲಿ ಎರಡು ಮಕ್ಕಳಿವೆ, ಒಂದು ಕಾಣುತ್ತಿಲ್ಲ ಎಂದಿಟ್ಟುಕೊಳ್ಳಿ. ನಾವು ಹಿಡಿದು ಕೇಳುವುದು ಇನ್ನೊಂದನ್ನೇ ಅಲ್ಲವೇ? ಸಾಬಮ್ಮನೂ ಅದನ್ನೇ ಮಾಡಿದಳು. ಕೇಳಿದ್ದು ತಪ್ಪಲ್ಲ, ಕೇಳಿದ ರೀತಿ ತಪ್ಪು. ಆ ತಪ್ಪಿನಿಂದ ಅವಳ ಎರಡು ವರ್ಷದ ಮಗನ ಜೀವ ಹೋಗುವುದರಲ್ಲಿತ್ತು.

ಇದು ಎರಡು ಸಾವಿರದ ಮೂರನೇ ಇಸವಿಯ ಮಾತು. ಸಿ.ವಿ. ರಾಮನ್ ನಗರದ ಹಿಂದೆ ಕಗ್ಗದಾಸಪುರದಲ್ಲಿ ಒಂದು ಅಪಾರ್ಟ್‌ಮೆಂಟ್ ಏಳುತ್ತಿತ್ತು. ಅದರ ಎದುರಿಗೆ ಸಾಲಾಗಿ ಎಂಟು ಶೀಟಿನ ಮನೆಗಳು. ಮೂರನೆಯದರಲ್ಲಿ ಯಾದಗಿರಿ ಕಡೆಯಿಂದ ಬಂದ ಜಟ್ಟೆಪ್ಪ, ಸಾಬಮ್ಮ ಬಾಡಿಗೆಗಿದ್ದರು. ಗಂಡ ಸೆಂಟ್ರಿಂಗ್ ಕೆಲಸ, ಹೆಂಡತಿ ಗಾರೆ ಹೊರುವ ಕೆಲಸ. ಮಗಳು ಕಾವೇರಿಗೆ ಐದು ತುಂಬಿ ಮೂರು ತಿಂಗಳು, ಮಗ ಭೀಮುಗೆ ಎರಡು ವರ್ಷ. ಊರಿನಿಂದ ತಂದ ಪಾತ್ರೆಯ ಗಂಟಿನ ಜೊತೆ ಮೈಲಾರಲಿಂಗನ ಒಂದು ಫೋಟೋ ಇತ್ತು. ಅದರ ಕೆಳಗೆ ಮೊಳೆಗೆ ನೇತುಹಾಕಿದ ಭಂಡಾರದ ಚೀಲವಿತ್ತು. ಭಂಡಾರ ಅಂದರೆ ದೇವರ ಅರಿಶಿನ ಪುಡಿ. ಅವರ ಕಡೆ ಭಂಡಾರ ಮುಟ್ಟಿ ಆಡಿದ ಮಾತಿಗೆ ಮೇಲ್ಮನವಿಯೇ ಇಲ್ಲ.

ಅವತ್ತು ಶನಿವಾರ. ಅಂಗನವಾಡಿ ಮಧ್ಯಾಹ್ನಕ್ಕೇ ಮುಗಿಯಿತು. ಸಾಬಮ್ಮ ಊಟದ ಹೊತ್ತಿಗೆ ಇಳಿದು ಬಂದು ಇಬ್ಬರಿಗೂ ರೊಟ್ಟಿ ತಿನ್ನಿಸಿದಳು.

"ತಮ್ಮನ್ನ ನೋಡ್ಕೋ ಯವ್ವಾ. ನಾ ಬರೋತನಕ ಹೊರಗ ಹೋಗಬ್ಯಾಡ್ರಿ," ಎಂದು ಹೇಳಿ ಮತ್ತೆ ಮೂರನೇ ಮಹಡಿ ಹತ್ತಿದಳು.

ಐದೂವರೆಗೆ ಕೆಳಗಿಳಿದು ಬಂದಾಗ ಬಾಗಿಲು ಎಳೆದುಕೊಂಡಿತ್ತು. ಒಳಗೆ ನೆಲವೆಲ್ಲ ಒದ್ದೆ. ಕಾವೇರಿ ಮೂಲೆಯಲ್ಲಿ ಮೊಣಕಾಲಿಗೆ ಗದ್ದ ಊರಿ ಕೂತಿದ್ದಳು. ಭೀಮು ಇಲ್ಲ.

"ತಮ್ಮ ಎಲ್ಲಿ?"

ಕಾವೇರಿ ಮೊಣಕಾಲಿನ ನಡುವೆ ಮುಖ ಹುದುಗಿಸಿಕೊಂಡಳು. ಸಾಬಮ್ಮ ಹೊರಗೆ ಓಡಿ ಎಂಟೂ ಮನೆ ನೋಡಿದಳು, ನೀರಿನ ಡ್ರಮ್ಮು ಬಗ್ಗಿ ನೋಡಿದಳು. ಎಲ್ಲೂ ಇಲ್ಲ. ವಾಪಸ್ ಬಂದು ಮಗಳ ಎರಡೂ ರಟ್ಟೆ ಹಿಡಿದಳು.

"ಎಲ್ಲಿ ಹೋದ ಅಂತ ಕೇಳಲತ್ತೀನಿ! ಕೆರಿ ಕಡೆ ಹೋದ್ನೇನು?"

ಕಾವೇರಿ ಅವ್ವನ ಮುಖ ನೋಡಿದಳು. "ಹೂಂ," ಅಂದಳು.

ಅಯ್ಯೋ ಶಿವನೇ! ಆ ಹೂಂ ಕೇಳಿ ಸಾಬಮ್ಮ ಕಿರುಚಿಕೊಂಡಳು. ಅವಳ ಕಿರುಚಾಟಕ್ಕೆ ಅಕ್ಕಪಕ್ಕದವರೆಲ್ಲ ಸೇರಿದರು. ನಾಲ್ಕು ಜನ ಕೆರೆಗೆ ಓಡಿದರು. ಅಷ್ಟರಲ್ಲಿ ಜಟ್ಟೆಪ್ಪ ಬಂದ. ಅವನೂ ಕೇಳಿದ, "ರೈಲು ಗೇಟಿನ ಕಡೆ ಹೋಗ್ಯಾನೇನು?"

"ಹೂಂ."

ಮೂರು ಜನ ರೈಲು ಗೇಟಿಗೆ ಓಡಿದರು. ಪಕ್ಕದ ಮನೆಯವಳು ಕೇಳಿದಳು, "ಯಾರರೆ ಎತ್ಕೊಂಡು ಹೋದ್ರೇನು ಕೂಸೇ?"

"ಹೂಂ."

"ಯಾವ ಬಣ್ಣದ ಅಂಗಿ ಹಾಕಿದ್ದ?"

ಕಾವೇರಿ ಸುತ್ತ ನೋಡಿದಳು. ಬಾಗಿಲಾಚೆ ಸೈಕಲ್ ಮೇಲೆ ಟೀ, ಬನ್ ಮಾರುವ ಇನಾಯತ್ ಉಲ್ಲಾ ಆಗತಾನೇ ಬಂದು ನಿಂತಿದ್ದ. ಕೆಂಪು ಅಂಗಿ ತೊಟ್ಟಿದ್ದ.

"ಕೆಂಪು," ಅಂದಳು ಕಾವೇರಿ.

ಮುಗಿಯಿತು ಕಥೆ! ಇಬ್ಬರು ಹೋಗಿ ಇನಾಯತನ ಕೊರಳಪಟ್ಟಿ ಹಿಡಿದರು. ಟೀ ಕ್ಯಾನು ಉರುಳಿತು. "ಅರೆ, ಈಗ್ಲೇ ಬಂದೆ ಸಾಮಿ! ಇಷ್ಟು ಹೊತ್ತೂ ಸೈಟ್ ಗೇಟ್ ಹತ್ರ ವ್ಯಾಪಾರ ಮಾಡ್ತಿದ್ದೆ, ಹೋಗಿ ಕೇಳ್ರಿ ಬೇಕಾದ್ರೆ!" ಎಂದು ಅವನು ಗೋಗರೆದ. ಪುಣ್ಯಕ್ಕೆ ಸೈಟಿನ ವಾಚ್‌ಮನ್ ಬಂದು ಹೌದು ಅಂದ. ಬಿಡಿಸಿಕೊಂಡವನು ಒಂದು ಕ್ಷಣ ಆ ಮಗುವಿನ ಮುಖ ನೋಡಿದ. ಸಿಟ್ಟು ನುಂಗಿಕೊಂಡು, "ಹೆದ್ರಿಬಿಟ್ಟೈತೆ ಪಾಪ. ವೆಂಕಟಮ್ಮ ಟೀಚರ್ನ ಕರ್ಕೊಂಡ್ ಬರ್ತೀನಿ ಇರ್ರಿ," ಎಂದು ಸೈಕಲ್ ಹತ್ತಿದ. ವೆಂಕಟಮ್ಮ ಅಂಗನವಾಡಿ ಕಾರ್ಯಕರ್ತೆ. ಎರಡು ಬೀದಿ ಆಚೆ ಮನೆ.

ಇತ್ತ ಮೇಸ್ತ್ರಿ ಸಂಜೀವಪ್ಪ ಮುಂದೆ ಬಂದ. ಸಾಬಮ್ಮನ ಊರಿನವನೇ. ಎಂಟೂ ಮನೆಯವರನ್ನು ಕೆಲಸಕ್ಕೆ ಕರೆತಂದ ಹಿರಿಯ. ಅವನ ಮಾತು ಮೀರುವವರು ಯಾರೂ ಇರಲಿಲ್ಲ.

"ಕೆರಿಗೂ ಹೂಂ, ರೈಲಿಗೂ ಹೂಂ! ಸುಳ್ಳು ಹೇಳಲತ್ತದ ಹುಡುಗಿ. ಗೇಣುದ್ದ ಇದ್ದಾಗಲೇ ಹಿಂಗ! ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನು? ಭಂಡಾರ ಮುಟ್ಟಿಸ್ರಿ, ಖರೇ ತಾನೇ ಹೊರಗ ಬರ್ತದ."

ಅವನ ಜೇಬಿನಲ್ಲಿ ಸದಾ ಒಂದು ಪೊಟ್ಟಣ ಇರುತ್ತಿತ್ತು. ಅದನ್ನು ಬಿಚ್ಚಿ ಅಂಗೈಗೆ ಸುರಿದುಕೊಂಡು ಕಾವೇರಿಯ ಮುಖದ ಹತ್ತಿರ ಹಿಡಿದ.

"ಮುಟ್ಟು. ಮುಟ್ಟಿ ಹೇಳು. ಸುಳ್ಳಾಡಿದ್ರ ಮೈಲಾರಲಿಂಗ ಕಣ್ಣು ಕೀಳ್ತಾನ ನೋಡು!"

ಹಳದಿ ಪುಡಿ ಕಂಡದ್ದೇ ತಡ, ಕಾವೇರಿ ಹಿಂದೆಂದೂ ಕೂಗದ ಹಾಗೆ ಚೀರಿದಳು. ಹಿಂದಕ್ಕೆ ಸರಿದು ಗೋಡೆಗೆ ಅಂಟಿಕೊಂಡಳು. ನಿಂತಲ್ಲೇ ಉಚ್ಚೆ ಹೊಯ್ದುಕೊಂಡಳು.

"ನೋಡಿದ್ರೇನು? ಕಳ್ಳನ ಮನಸ್ಸು ಹುಳ್ಳುಳ್ಳಗ," ಅಂದ ಸಂಜೀವಪ್ಪ. "ಏನೋ ಮಾಡ್ಯಾಳ ಈಕಿ. ಸೌಟು ಕಾಯಿಸ್ರಿ. ಒಂದು ಬರಿ ಎಳದ್ರ ಬಾಯಿ ಬಿಡ್ತಾಳ."

ಸಾಬಮ್ಮ ಮಗಳ ಕೆನ್ನೆಗೆ ಫಟಾರನೆ ಬಾರಿಸಿದಳು. ಆ ಏಟು ಅವಳಿಗೆ ಇವತ್ತಿಗೂ ಅಂಗೈಯಲ್ಲಿ ಉರಿಯುತ್ತದೆ. ಆದರೆ ಆ ಹೊತ್ತಿಗೆ ಅವಳ ತಲೆಯಲ್ಲಿ ಕೆರೆಯ ನೀರು ಬಿಟ್ಟರೆ ಬೇರೇನೂ ಇರಲಿಲ್ಲ. ಜಟ್ಟೆಪ್ಪ ಸ್ಟವ್ ಹಚ್ಚಿದ, ಸೌಟು ಹುಡುಕಿದ.

"ಸ್ಟವ್ ಆರಿಸಪ್ಪ!"

ಬಾಗಿಲಲ್ಲಿ ವೆಂಕಟಮ್ಮ ನಿಂತಿದ್ದರು. ಓಡಿ ಬಂದು ಏದುಸಿರು ಬಿಡುತ್ತಿದ್ದರು. ಹೆಗಲಿಗೆ ಅಂಗನವಾಡಿಯ ಚೀಲ.

"ಎಲ್ರೂ ಹೊರಗೆ ಹೋಗಿ. ಸಾಬಮ್ಮ ಒಬ್ಬಳು ಇರಲಿ."

"ಏನ್ರೀ ಅಕ್ಕೋರ, ಅಲ್ಲಿ ಕೂಸು ಸಾಯಲತ್ತದೋ ಏನೋ, ನೀವು ಇಲ್ಲಿ ಆಟ ಹೂಡ್ತೀರೇನು?" ಸಂಜೀವಪ್ಪ ಕೆರಳಿದ.

"ಹೌದು, ಆಟವೇ ಆಡ್ತೀನಿ. ನೀವು ಇಪ್ಪತ್ತು ಪ್ರಶ್ನೆ ಕೇಳಿದ್ರಲ್ಲ, ಒಂದಕ್ಕಾದ್ರೂ ಉತ್ತರ ಸಿಕ್ತಾ? ನಂಗೆ ಹತ್ತು ನಿಮಿಷ ಕೊಡಿ."

ಅಷ್ಟರಲ್ಲಿ ಹೊರಗೆ ಲಾರಿಯ ಹಾರ್ನು. ಉಸುಕಿನ ಲಾರಿ ಬಂದು ಬೀದಿಗೆ ಅಡ್ಡ ನಿಂತಿತ್ತು. ಹಿಂದಿನ ಗಾಡಿಗಳೆಲ್ಲ ಬೊಬ್ಬೆ ಹೊಡೆಯುತ್ತಿದ್ದವು. ಸಂಜೀವಪ್ಪ ಗೊಣಗುತ್ತ ಲಾರಿ ಹಿಂದಕ್ಕೆ ಬಿಡಿಸಲು ಹೋದ.

ವೆಂಕಟಮ್ಮ ಒದ್ದೆ ನೆಲದ ಮೇಲೆಯೇ ಕೂತರು. ಕಾವೇರಿಗಿಂತ ಅವರ ತಲೆ ಕೆಳಗಿತ್ತು. ಮಗುವಿನ ಉಗುರುಸಂದಿಯಲ್ಲಿ ಹಳದಿ, ಲಂಗದ ಅಂಚಿನಲ್ಲೂ ಹಳದಿ ಕಂಡಿತು. ಕಂಡರೂ ಕೇಳಲಿಲ್ಲ. ಚೀಲದಿಂದ ಒಂದು ಬಟ್ಟೆಯ ಬೊಂಬೆ ತೆಗೆದರು.

"ಕಾವೇರಿ, ಇವನು ಭೀಮು ಅಂತೆ. ಅಮ್ಮ ಕೆಲಸಕ್ಕೆ ಹೋದ್ಲು. ಇವನು ಏನ್ ಮಾಡ್ತಾನೆ, ನೀನೇ ಆಡಿಸು."

ಕಾವೇರಿ ಅಲುಗಾಡಲಿಲ್ಲ. ಸಾಬಮ್ಮನ ಬಾಯಿಗೆ ಬಂದ ಮಾತನ್ನು ವೆಂಕಟಮ್ಮ ಕೈಸನ್ನೆಯಲ್ಲೇ ತಡೆದರು. ಒಂದು ನಿಮಿಷ ಆಯಿತು. ಎರಡಾಯಿತು. ಸಾಬಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದಳು. ಕೊನೆಗೆ ಒಂದು ಪುಟ್ಟ ಕೈ ಮುಂದೆ ಬಂತು. ಬೊಂಬೆ ಟ್ರಂಕಿನ ಮೇಲೆ ಹತ್ತಿತು. ಅಲ್ಲಿಂದ ಗೋಡೆಗೆ ಕೈ ಚಾಚಿತು, ಮೊಳೆಯ ಕಡೆಗೆ.

ಸಾಬಮ್ಮ ತಲೆ ಎತ್ತಿ ನೋಡಿದಳು. ಭಂಡಾರದ ಚೀಲ ಮೊಳೆಯಲ್ಲಿ ಚಪ್ಪಟೆಯಾಗಿ ಜೋತಾಡುತ್ತಿತ್ತು. ಒಂದು ಚಿಟಿಕೆಯೂ ಉಳಿದಿರಲಿಲ್ಲ.

"ತುಳೀಬ್ಯಾಡೋ, ತುಳೀಬ್ಯಾಡ," ಎಂದು ಕಾವೇರಿ ಬೊಂಬೆಗೆ ಪಿಸುಗುಟ್ಟಿದಳು. ಅದರ ಪಾದಗಳನ್ನು ಲಂಗದಿಂದ ಒರೆಸಿದಳು, ಮತ್ತೆ ಮತ್ತೆ ಒರೆಸಿದಳು. ಆಮೇಲೆ ಫೋಟೋ ಕಡೆ ಒಮ್ಮೆ ನೋಡಿ ಬೊಂಬೆಯನ್ನು ಗಬಕ್ಕನೆ ಲಂಗದೊಳಗೆ ಬಚ್ಚಿಟ್ಟಳು.

"ಯಾರಿಗೆ ಕಾಣಬಾರದು ಇವನು?" ವೆಂಕಟಮ್ಮ ಮೆಲ್ಲಗೆ ಕೇಳಿದರು.

ಕಾವೇರಿ ಫೋಟೋಕ್ಕೆ ಬೆರಳು ತೋರಿಸಿದಳು. "ಕಣ್ಣು ಕೀಳ್ತಾನ. ತಮ್ಮಂದು."

ಸಾಬಮ್ಮ ಹಣೆ ಚಚ್ಚಿಕೊಂಡಳು. ಆ ಮಾತು ಹೇಳಿಕೊಟ್ಟವಳು ಅವಳೇ ಅಲ್ಲವೇ! ಮಕ್ಕಳು ಚೀಲ ಮುಟ್ಟದಿರಲಿ ಎಂದು, "ಭಂಡಾರ ತುಳಿದ್ರ ದೇವರು ಕಣ್ಣು ಕೀಳ್ತಾನ," ಎಂದು ದಿನಕ್ಕೊಮ್ಮೆ ಹೆದರಿಸಿದ್ದಳು. ಸುಮ್ಮನೆ ಆಡಿದ ಮಾತು. ಮಗು ಅದನ್ನು ಅಕ್ಷರಶಃ ನಂಬಿತ್ತು.

"ಸರಿ. ದೇವರಿಗೆ ಕಾಣದ ಜಾಗದಲ್ಲಿ ಈ ಬೊಂಬೇನೂ ಮಲಗಿಸೋಣ. ದಾರಿ ತೋರಿಸ್ತೀಯಾ?"

ಕಾವೇರಿ ಎದ್ದಳು. ಹೊಸ್ತಿಲ ತನಕ ಬಂದು ಗಕ್ಕನೆ ನಿಂತಳು. "ಹೊರಗ ಹೋಗಬ್ಯಾಡ ಅಂದಾಳ ಯವ್ವ. ನಾ ಆಗ್ಲೇ ಒಮ್ಮೆ ಹೋಗೀನಿ."

ಹೊರಗೆ ಲಾರಿ ರಿವರ್ಸ್ ಬರುತ್ತಿತ್ತು. ಸಂಜೀವಪ್ಪನ ದನಿ ಕೇಳುತ್ತಿತ್ತು: "ಬರ್ಲಿ, ಬರ್ಲಿ, ರೈಟ್ ಬರ್ಲಿ!"

"ನಾನೇ ಹೇಳಲತ್ತೀನಿ ನನ್ನವ್ವಾ, ಹೋಗು! ಹೊಡೆಯಂಗಿಲ್ಲ, ಬೈಯಂಗಿಲ್ಲ, ಹೋಗು!" ಸಾಬಮ್ಮ ಅತ್ತುಬಿಟ್ಟಳು.

ಆಗ ಕಾವೇರಿ ಹೊಸ್ತಿಲು ದಾಟಿದಳು. ಬೀದಿ ದಾಟಿದಳು. ಸೈಟಿನ ಮೂಲೆಯಲ್ಲಿ ಉಸುಕು ಸುರಿಯುವ ಜಾಗ. ಅದರ ಪಕ್ಕ ಒಡೆದ ಹಾಲೋ ಬ್ಲಾಕುಗಳ ರಾಶಿ. ದೊಡ್ಡವರ ಕಣ್ಣಿಗೆ ಅದು ರಾಶಿ ಅಷ್ಟೇ. ಮಕ್ಕಳು ಅದರೊಳಗೆ ಒಂದು ಗೂಡು ಮಾಡಿಕೊಂಡು, ಮೇಲೆ ಗೋಣಿಚೀಲ ಹೊದಿಸಿ ಅಡುಗೆ ಆಟ ಆಡುತ್ತಿದ್ದರು. ಕಾವೇರಿ ಅದಕ್ಕೇ ಬೆರಳು ತೋರಿಸಿದಳು.

ಲಾರಿಯ ಹಿಂದಿನ ಚಕ್ರ ಅದರ ಕಡೆಗೇ ಬರುತ್ತಿತ್ತು. ಕೈಬೀಸಿ ಕರೆಯುತ್ತಿದ್ದವನು ಸಂಜೀವಪ್ಪ.

"ನಿಂದರಸ್ರೀ!" ಸಾಬಮ್ಮ ಕಿರುಚಿದಳು.

ಎಂಜಿನ್ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಸಾಬಮ್ಮ ಓಡಿಹೋಗಿ ಲಾರಿಗೂ ರಾಶಿಗೂ ನಡುವೆ ನಿಂತು ಎರಡೂ ಕೈಯಿಂದ ಲಾರಿಯ ಹಿಂಬದಿಗೆ ಬಡಿದಳು. ಇನಾಯತ್ ಉಲ್ಲಾ ಸೈಕಲ್ ಬಿಸಾಡಿ ಡ್ರೈವರಿನ ಕಡೆ ನೆಗೆದ. ಬಾಗಿಲಿಗೆ ಜೋತುಬಿದ್ದು, "ರೋಕೋ! ಬ್ರೇಕ್ ಹಾಕು, ಬಚ್ಚಾ ಐತೆ!" ಎಂದು ಕೂಗಿದ. ಲಾರಿ ಜಗ್ಗಿ ನಿಂತಿತು. ಸಾಬಮ್ಮನ ಬೆನ್ನಿಗೂ ಬ್ಲಾಕಿಗೂ ನಡುವೆ ಒಂದು ಗೇಣು ಉಳಿದಿತ್ತು.

ಗೋಣಿಚೀಲ ಎತ್ತಿದರು. ಒಳಗೆ ಭೀಮು ಮಲಗಿದ್ದ. ಮೈಯೆಲ್ಲ ಭಂಡಾರ, ಕೈಯಲ್ಲಿ ಅರ್ಧ ರೊಟ್ಟಿ. ಬೆಳಕು ಬಿದ್ದದ್ದಕ್ಕೆ ಮುಖ ಕಿವಿಚಿ ಅಳತೊಡಗಿದ. ಆ ಅಳು ಕೇಳಿ ಸಾಬಮ್ಮನಿಗೆ ಹೋದ ಜೀವ ಬಂದಂತಾಯಿತು. ಸಂಜೀವಪ್ಪ ಮಾತ್ರ ಬೀಸುತ್ತಿದ್ದ ಕೈ ಹಾಗೆಯೇ ಹಿಡಿದುಕೊಂಡು ಅಲ್ಲೇ ಕುಕ್ಕರಿಸಿದ. ಯಾರೋ ನೀರು ಕೊಟ್ಟರೂ ಕುಡಿಯಲಿಲ್ಲ.

ಮರುದಿನ ಭಾನುವಾರ ಬೆಳಿಗ್ಗೆ ಎಲ್ಲರೂ ಮನೆ ಮುಂದೆ ಸೇರಿದ್ದರು. ವೆಂಕಟಮ್ಮನೂ ಬಂದಿದ್ದರು. ಇನಾಯತ್ ಟೀ ಕೊಡುತ್ತಿದ್ದ. ಅವನ ಅಂಗಿ ಹಿಡಿದವರೇ ಇವತ್ತು ಅವನ ಕೈಗೆ ಮೊದಲ ಬನ್ ಕೊಟ್ಟು ತಲೆ ತಗ್ಗಿಸಿದ್ದರು. ಸಂಜೀವಪ್ಪನ ಗಂಟಲು ಇಳಿದಿತ್ತು, ಅನುಮಾನ ಮಾತ್ರ ಇಳಿದಿರಲಿಲ್ಲ.

"ಒಂದು ಕೇಳ್ತೀನಿ ಅಕ್ಕೋರ. ದೇವರಿಗೆ ಕಾಣದಂಗ ಬಚ್ಚಿಡೋ ಬುದ್ಧಿ ಅದ. ನೆಲ ತೊಳೆಯೋ ಬುದ್ಧಿ ಅದ. ಖರೇ ಹೇಳೋ ಬುದ್ಧಿ ಇಲ್ಲೇನು?"

"ಸಂಜೀವಪ್ಪನೋರೆ, ಆರು ತಿಂಗಳ ಕೂಸಿನ ಕೈಗೆ ಕಬ್ಬು ಕೊಟ್ಟು ಅಗಿ ಅಂದ್ರೆ ಅಗಿಯುತ್ತಾ? ಹಲ್ಲು ಬರಬೇಕು ತಾನೇ? ಬುದ್ಧೀನೂ ಹಂಗೇ, ಒಂದಾದ ಮೇಲೆ ಒಂದು ಬರುತ್ತೆ. ಇಲ್ನೋಡಿ."

ವೆಂಕಟಮ್ಮ ಎರಡು ಒಂದೇ ಥರದ ಲೋಟದಲ್ಲಿ ಸಮಸಮ ಟೀ ಹಾಕಿಸಿದರು. ಸಮ ಇದೆಯಾ ಎಂದು ಕಾವೇರಿಯನ್ನು ಕೇಳಿದರು. ಸಮ ಅಂದಳು. ಅವಳ ಕಣ್ಣೆದುರಿಗೇ ಒಂದು ಲೋಟದ ಟೀಯನ್ನು ಉದ್ದನೆಯ ತೆಳ್ಳನೆಯ ಗ್ಲಾಸಿಗೆ ಸುರಿದರು.

"ಈಗ ಯಾವುದ್ರಲ್ಲಿ ಜಾಸ್ತಿ ಇದೆ?"

"ಇದ್ರಾಗ," ಕಾವೇರಿ ಉದ್ದ ಗ್ಲಾಸು ತೋರಿಸಿದಳು.

ಎಲ್ಲರೂ ಗೊಳ್ಳೆಂದು ನಕ್ಕರು. "ನಗಬೇಡಿ," ಅಂದರು ವೆಂಕಟಮ್ಮ. "ಸುಳ್ಳು ಹೇಳ್ತಿಲ್ಲ ಅವಳು. ಈ ವಯಸ್ಸಿಗೆ ಕಣ್ಣಿಗೆ ಎಷ್ಟು ದೊಡ್ಡದಾಗಿ ಕಾಣುತ್ತೋ ಅಷ್ಟೇ ಲೆಕ್ಕ. ತಪ್ಪಿನ ಲೆಕ್ಕಾನೂ ಹಂಗೇ. ಕಾವೇರಿ, ಒಂದು ಕಥೆ ಹೇಳ್ತೀನಿ ಕೇಳು. ಒಬ್ಳು ಅವ್ವನಿಗೆ ಸಹಾಯ ಮಾಡೋಣ ಅಂತ ಬುಟ್ಟಿ ಎತ್ತಿದ್ಲು, ಕೈಜಾರಿ ಇಡೀ ಬುಟ್ಟಿ ರೊಟ್ಟಿ ಮಣ್ಣಿಗೆ ಬಿತ್ತು. ಇನ್ನೊಬ್ಳು ಸಿಟ್ಟು ಬಂದು ಬೇಕಂತಲೇ ಒಂದು ರೊಟ್ಟಿ ಮಣ್ಣಿಗೆ ಎಸೆದ್ಲು. ಯಾರು ಹೆಚ್ಚು ಕೆಟ್ಟೋಳು?"

"ಬುಟ್ಟಿ ಕೆಡವಿದಾಕಿ," ಅಂದಳು ಕಾವೇರಿ, ಒಂದು ಗಳಿಗೆಯೂ ಯೋಚಿಸದೆ.

ಸಂಜೀವಪ್ಪ ಬೆಚ್ಚಿ ನೋಡಿದ. ಅವನ ಹತ್ತು ವರ್ಷದ ಮೊಮ್ಮಗಳು ನಾಗರತ್ನಾ ಅಲ್ಲೇ ಇದ್ದಳು. "ಅಲ್ಲ ಅಲ್ಲ! ಎಸೆದಾಕಿ ಕೆಟ್ಟಾಕಿ. ಬುಟ್ಟಿ ಕೆಡವಿದಾಕಿ ಬೇಕಂತ ಮಾಡಿಲ್ಲಲ," ಅಂದಳು.

"ನೋಡಿ. ಐದು ವರ್ಷಕ್ಕೂ ಹತ್ತು ವರ್ಷಕ್ಕೂ ಇಷ್ಟು ದೂರ," ಅಂದರು ವೆಂಕಟಮ್ಮ. "ಹೊರದೇಶದ ವಿದ್ವಾಂಸರು ಮಕ್ಕಳ ಜೊತೆ ಗೋಲಿ ಆಡ್ತಾ, ಕಥೆ ಹೇಳ್ತಾ ಇದನ್ನೆಲ್ಲ ಕಂಡ್ಕೊಂಡ್ರು ಅಂತ ನಮಗೆ ತರಬೇತೀಲಿ ಹೇಳಿದ್ರು. ಇಡೀ ಚೀಲ ಚೆಲ್ಲಿದೆ, ಅಂದ್ರೆ ಇಡೀ ಚೀಲದಷ್ಟು ಪಾಪ. ಶಿಕ್ಷೆ ಆಗೇ ಆಗುತ್ತೆ, ಮಳೆ ಬಂದ ಹಾಗೆ ತಾನಾಗೇ ಬರುತ್ತೆ. ಇವಳಿಗೆ ಗೊತ್ತಿದ್ದಿದ್ದು ಇಷ್ಟೇ. ನೀವು ಅದೇ ಭಂಡಾರ ತಂದು ಮುಖಕ್ಕೆ ಹಿಡಿದ್ರಿ. ಬಾಯಿ ಬಿಟ್ಟಾಳಾ?"

"ಮತ್ತ ಕೆರಿಗೂ ಹೂಂ, ರೈಲಿಗೂ ಹೂಂ, ಅಂಗಿ ಕೆಂಪು ಅಂದ್ಳಲ್ಲ?"

"ದೊಡ್ಡವರು ಕಣ್ಣು ಕೆಂಪಗೆ ಮಾಡ್ಕೊಂಡು ಕೇಳಿದ್ರೆ ಮಗು ನಿಜ ಹುಡುಕಲ್ಲ ಸ್ವಾಮಿ. ಇವರಿಗೆ ಏನು ಬೇಕು ಅಂತ ಹುಡುಕುತ್ತೆ. ನೀವು ಕೆರೆ ಅಂದ್ರಿ, ಅದು ಕೆರೆ ಅಂತು. ಬಣ್ಣ ಕೇಳಿದ್ರಿ, ಎದುರಿಗೆ ಕಂಡ ಬಣ್ಣ ಕೊಡ್ತು."

ಇನಾಯತ್ ತನ್ನ ಅಂಗಿ ನೋಡಿಕೊಂಡು, "ನಾಳೆಯಿಂದ ಬಿಳಿ ಹಾಕ್ತೀನಿ ಬಿಡ್ರಿ," ಅಂದ.

ಸಂಜೀವಪ್ಪ ನಗಲಿಲ್ಲ. "ಹಂಗಾದ್ರ ಹುಡುಗರು ಏನು ಮಾಡಿದ್ರೂ ಸುಮ್ಕ ಕೂಡಬೇಕೇನು? ತಲಿ ಮ್ಯಾಲ ಕೂಡ್ತಾವ."

"ಸುಮ್ನಿರಿ ಅಂತ ನಾನೆಲ್ಲಿ ಅಂದೆ? ಚೆಲ್ಲಿದ್ರೆ ಜೊತೇಲಿ ಕೂತು ಬಳಿಯೋದು ಕಲಿಸಿ. ಯಾಕೆ ಮಾಡಬಾರದು ಅಂತ ಹೇಳಿ. ಅದು ಬೇಕಂತ ಮಾಡ್ತಾ, ಕೈಜಾರಿ ಮಾಡ್ತಾ ಅಂತ ನೀವು ಕೇಳ್ತಾ ಬಂದ್ರೆ, ಅದೂ ಹಂಗೇ ಯೋಚನೆ ಮಾಡೋದು ಕಲಿಯುತ್ತೆ. ಎಲ್ಲ ಮಕ್ಕಳೂ ಒಂದೇ ದಿನ ಕಲಿಯಲ್ಲ. ಕೆಲವು ಬೇಗ, ಕೆಲವು ನಿಧಾನ. ಹಂಗಂತ ಸಣ್ಣವಕ್ಕೆ ಏನೂ ತಿಳಿಯಲ್ಲ ಅನ್ನಬೇಡಿ. ತಮ್ಮನ್ನ ಕಾಪಾಡಬೇಕು ಅಂತ ಇವಳಿಗೆ ಯಾರು ಹೇಳಿಕೊಟ್ರು? ದೇವರ ಎದುರಿಗೇ ನಿಂತ್ಲಲ್ಲ ಈ ಐದು ವರ್ಷದವಳು! ನೀವು ಕಳ್ಳಿ ಅಂದ್ರಿ."

ಸಂಜೀವಪ್ಪ ಎದ್ದು ಒಳಗೆ ಹೋಗಿ ಮೊಳೆಯಲ್ಲಿದ್ದ ಖಾಲಿ ಚೀಲ ತಂದ. ಕಾವೇರಿಯ ಮುಂದೆ ನೆಲದ ಮೇಲೆ ಕೂತು, ತನ್ನ ಪೊಟ್ಟಣದ ಭಂಡಾರವನ್ನು ಅದಕ್ಕೆ ಸುರಿದ. ಕಾವೇರಿ ಹಿಂದಕ್ಕೆ ಸರಿದು ಅವ್ವನ ಸೀರೆ ಹಿಡಿದಳು.

"ಹೆದರಬ್ಯಾಡವ್ವ. ಮೈಲಾರಲಿಂಗ ಯಾರ ಕಣ್ಣೂ ಕೀಳಂಗಿಲ್ಲ. ಈ ಅಜ್ಜ ಸುಳ್ಳು ಹೇಳಿದ್ದ," ಅಂದ.

ಕಾವೇರಿ ಅವ್ವನ ಮುಖ ನೋಡಿದಳು. "ಎಲ್ಲಾ ಚೆಲ್ಲಿದ್ರೂ ಹೊಡೆಯಂಗಿಲ್ಲೇನು ಯವ್ವಾ?"

ಸಾಬಮ್ಮ ನೆಲಕ್ಕೆ ಕೂತು ಮಗಳ ಕೆನ್ನೆ ಸವರಿದಳು. ನಿನ್ನೆ ಹೊಡೆದ ಕೆನ್ನೆ ಅದು. "ಎಲ್ಲಾ ಚೆಲ್ಲಿದ್ರೂ ಹೊಡೆಯಂಗಿಲ್ಲ. ನಂಗ ಬಂದು ಹೇಳು, ಅಷ್ಟೇ ಸಾಕು," ಅಂದಳು.

ಅವತ್ತೇ ಎಂಟು ಮನೆಯ ಹೆಂಗಸರು ಇನ್ನೊಂದು ಮಾತೂ ಆಡಿಕೊಂಡರು. ಐದು ವರ್ಷದವಳ ಕೈಗೆ ಎರಡು ವರ್ಷದವನನ್ನು ಕೊಟ್ಟು ಹೋಗುವುದು ಇನ್ನು ಬೇಡ. ದಿನಕ್ಕೊಬ್ಬರು ಕೆಲಸ ಬಿಟ್ಟು ಎಲ್ಲ ಮಕ್ಕಳನ್ನೂ ನೋಡಿಕೊಳ್ಳಬೇಕು, ಅವರ ಕೂಲಿಯನ್ನು ಉಳಿದವರು ಹಂಚಿಕೊಂಡು ಕೊಡಬೇಕು. ಒಡೆದ ಬ್ಲಾಕಿನ ರಾಶಿಯನ್ನು ಸಂಜೀವಪ್ಪ ತಾನೇ ನಿಂತು ತೆಗೆಸಿದ. ಮಕ್ಕಳ ಅಡುಗೆ ಆಟಕ್ಕೆ ಲಾರಿ ಬಾರದ ಕಡೆ ನಾಲ್ಕು ಕಲ್ಲು ಇಡಿಸಿದ.

ಈ ಕಥೆ ಓದುತ್ತಿರುವ ಅಕ್ಕಾ, ಕೇಳುತ್ತಿರುವ ಅಣ್ಣಾ, ನಿಮ್ಮ ಮನೆಯಲ್ಲೂ ಒಂದು ಕಾವೇರಿ ಇರಬಹುದು. ಆಕೆ ದೇವರಿಗೋ ಪೊಲೀಸರಿಗೋ ಹೆದರಿ ಬಾಯಿ ಕಟ್ಟಿಕೊಂಡರೆ, ಆ ಹೆದರಿಕೆ ಕೊಟ್ಟವರು ಯಾರು ಎಂದು ಮೊದಲು ನಿಮ್ಮನ್ನೇ ಕೇಳಿಕೊಳ್ಳಿ. ಮಗುವಿನಿಂದ ಆಣೆ ಮಾಡಿಸಬೇಡಿ. ಕೈ ಎತ್ತಬೇಡಿ, ಸೌಟು ಕಾಯಿಸಬೇಡಿ. ಉತ್ತರವನ್ನು ನೀವೇ ಅದರ ಬಾಯಿಗೆ ಇಡಬೇಡಿ. "ಏನಾಯ್ತು, ಹೇಳು," ಎಂದು ಕೇಳಿ ಸುಮ್ಮನಿರಿ. ಮಾತು ಬಾರದಿದ್ದರೆ ಒಂದು ಬೊಂಬೆ ಕೊಡಿ, ಇಲ್ಲವೇ ಎರಡು ಕಡ್ಡಿ ಕೊಡಿ. ನಿಮ್ಮೂರಿನ ಅಂಗನವಾಡಿಯಲ್ಲಿ ವಿಚಾರಿಸಿ, ಅವರು ಹೇಳಿಕೊಡುತ್ತಾರೆ.

ಇಷ್ಟೆಲ್ಲ ನೆನಪಿರದಿದ್ದರೂ ಚಿಂತೆಯಿಲ್ಲ. ಮಗು ಹೆದರಿ ನಿಂತಾಗ ಮೊದಲು ನೆಲದ ಮೇಲೆ ಕೂತುಕೊಳ್ಳಿ. ಅದರ ಕಣ್ಣಿನ ಎತ್ತರಕ್ಕೆ ಇಳಿಯಿರಿ. ಆ ಸಂಜೆ ವೆಂಕಟಮ್ಮ ಮಾಡಿದ್ದು ಅಷ್ಟೇ. ನಾಲ್ಕು ವರ್ಷದ ನಂತರ ಭೀಮು ಒಂದನೇ ತರಗತಿಗೆ ಹೊರಟ, ಅಕ್ಕನ ಕೈ ಹಿಡಿದುಕೊಂಡು.